ಅವ್ವ ಬಂದೂಕಿಗೆ ಉಣಿಸಿದ ಹೋಳಿಗೆ

ನಮ್ಮ ಮನೆಯಲ್ಲಿ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಮೊದಲ ತುತ್ತು ಬಂದೂಕಿಗೆ. ದೇವರಿಗೆ ಎಡೆ ಹಿಡಿದ ಮೇಲೆ, ಗಂಡಸರು ಉಣ್ಣಲು ಕೂಡುವ ಮೊದಲು, ಅವ್ವ ಹೋಳಿಗೆಯ ಒಂದು ಚೂರನ್ನು ತುಪ್ಪದಲ್ಲಿ ಅದ್ದಿ, ಬತ್ತಿ ಹೊಸೆದ ಹಾಗೆ ಬೆರಳಲ್ಲಿ ಹೊಸೆದು, ಗೋಡೆಗೆ ಆನಿಸಿಟ್ಟ ಬಂದೂಕಿನ ಬಾಯಿಗೆ ಹಾಕುತ್ತಿದ್ದಳು. ಊದಿನಕಡ್ಡಿಯಿಂದ ಅದನ್ನು ಒಳಗೆ ನೂಕಿ, “ಉಂಡು ಸುಮ್ನ ಇರು” ಎನ್ನುತ್ತಿದ್ದಳು. ಆಮೇಲೆ ಕೈ ತೊಳೆದು ನಮಗೆ ಬಡಿಸುತ್ತಿದ್ದಳು.

ಊರಿನ ಉಳಿದ ಮನೆಗಳಲ್ಲಿ ಕುಡಗೋಲು, ಕುರಪಿ, ನೇಗಿಲು, ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಮುಗಿಸುತ್ತಾರೆ. ಯಾರೂ ಅವಕ್ಕೆ ಉಣಿಸುವುದಿಲ್ಲ. ನಮ್ಮವ್ವನದು ಮಾತ್ರ ಲೋಕಕ್ಕಿಲ್ಲದ ರೀತಿ. ಮೊದಮೊದಲು ನನಗೆ ನಗು ಬರುತ್ತಿತ್ತು. ಫೌಜು ಸೇರಿದ ಮೇಲೆ ನಗು ಹೋಗಿ ಸಿಟ್ಟು ಬರತೊಡಗಿತು.

ಯಾಕೆಂದರೆ ಫೌಜಿನಲ್ಲಿ ನನ್ನದು ಗುಂಡು ಹಾರಿಸುವ ಕೆಲಸವಲ್ಲ, ಹಾರಿಸುವವರ ಬಂದೂಕು ಸರಿ ಇಡುವ ಕೆಲಸ. ಆರ್ಮರರ್ ಎನ್ನುತ್ತಾರೆ. ನಳಿಗೆಯಲ್ಲಿ ಒಂದು ಕೂದಲೆಳೆ ಕಂಡರೆ ಜವಾನರ ಮರ್ಯಾದೆ ತೆಗೆಯುತ್ತಿದ್ದ ಮನುಷ್ಯ ನಾನು. ರಜೆಗೆ ಮನೆಗೆ ಬಂದರೆ ನಮ್ಮದೇ ಬಂದೂಕಿನ ಬಾಯಿಯಿಂದ ನೆಲದ ತನಕ ಕೆಂಪಿರುವೆಗಳ ಸಾಲು. ತಡೆದುಕೊಳ್ಳಲಾಗದೆ ಒಂದು ವರ್ಷ ಕೂಗಾಡಿಬಿಟ್ಟೆ. ಅದು ಬಾಯಲ್ಲ ನಳಿಗೆ, ಒಳಗೆಲ್ಲ ಜಂಗು ಹಿಡಿಯುತ್ತದೆ, ಕಬ್ಬಿಣಕ್ಕೆ ಹಸಿವೆ ಇರುವುದಿಲ್ಲ ಎಂದೆಲ್ಲ ಹೇಳಿದೆ. ಅವ್ವ ಕೈಯಲ್ಲಿದ್ದ ಸೌಟು ಕೆಳಗಿಡಲೂ ಇಲ್ಲ. “ನಿನ್ನ ಫೌಜಿನ ಶಾಣ್ಯಾತನ ಅಲ್ಲೇ ಇಟ್ಟು ಬಾ, ಇದು ನನ್ನ ಮನಿ” ಎಂದಳು. ಅಪ್ಪ ಮೂಲೆಯಲ್ಲಿ ಅಡಕಿ ಕತ್ತರಿಸುತ್ತ ಕೂತಿದ್ದ. ಬಂದೂಕು ಅವನದು, ಲೈಸೆನ್ಸ್ ಅವನ ಹೆಸರಿನಲ್ಲಿ, ಆದರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೆಂಡತಿಗೆ ಹೆದರುವ ಗಂಡಸು ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಬಂದೂಕು ಅಜ್ಜನ ಕಾಲದ್ದು. ಅಜ್ಜ ಊರ ಪೊಲೀಸ್ ಪಾಟೀಲನಾಗಿದ್ದ. ಮೂಲದಲ್ಲಿ ಅದು ಬ್ರಿಟಿಷರ ಸೈನ್ಯದ ರೈಫಲ್. ಹಳೆಯದಾದ ಮೇಲೆ ನಳಿಗೆಯೊಳಗಿನ ಸುರುಳಿ ಗೆರೆಗಳನ್ನು ಕೊರೆದು ನುಣ್ಣಗೆ ಮಾಡಿ ಪೊಲೀಸರಿಗೂ ಪಾಟೀಲರಿಗೂ ಹಂಚಿದರಂತೆ. ಕುದುರೆಯ, ಅಂದರೆ ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೀಲಿನ ಹಿಂದೆ ಒಂದು ಕಬ್ಬಿಣದ ಹಿಡಿಕೆ ಇದೆ. ಅದನ್ನು ಕೆಳಗೆಳೆದರೆ ಬಂದೂಕಿನ ಹಿಂಬದಿ ತೆರೆದುಕೊಳ್ಳುತ್ತದೆ, ತೋಟಾ ಇಟ್ಟು ಮೇಲೆತ್ತಿದರೆ ಮುಚ್ಚಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ತೋಟಾ. ನಳಿಗೆಯ ಬಾಯಿ ಕಿರುಬೆರಳೂ ಹೋಗದಷ್ಟು ಸಣ್ಣದು.

ಬನ್ನಿ ಮುಡಿಯುವ ಸಂಜೆ ಊರ ಹೊರಗಿನ ಬನ್ನಿ ಗಿಡದ ಹತ್ತಿರ ಈ ಬಂದೂಕಿನ ಒಂದು ಗುಂಡು ಆಕಾಶಕ್ಕೆ ಹಾರಿದ ಮೇಲೆಯೇ ಜನ ಎಲೆ ಹರಿಯುತ್ತಿದ್ದರು. ಮೊದಲು ಅಜ್ಜ ಹಾರಿಸುತ್ತಿದ್ದ, ಅವನ ನಂತರ ಅಪ್ಪ. ಈಗ ಕಾನೂನು ಅದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಮೇಲೆ ಹೋದ ಗುಂಡು ಎಲ್ಲೋ ಒಂದು ಕಡೆ ಇಳಿಯಲೇಬೇಕಲ್ಲ. ಆದರೆ ನಮ್ಮೂರಲ್ಲಿ ಅದು ನಿಂತದ್ದು ಕಾನೂನಿನಿಂದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನೇ ನಿಲ್ಲಿಸಿದ. ಕೇಳಿದವರಿಗೆ ತೋಟಾ ಹಸಿಯಾಗಿವೆ ಎಂದ. ಮರುವರ್ಷ ಭುಜ ನೋವು ಎಂದ. ಅದರ ಮರುವರ್ಷ ಯಾರೂ ಕೇಳಲಿಲ್ಲ. “ಪಾಟೀಲನ ಬಂದೂಕು ಹೋಳಿಗಿ ತಿಂದು ಮಲಗೈತಿ” ಎಂದು ಕಟ್ಟೆಯ ಮೇಲೆ ಕೂತವರು ನಗಾಡಿದರು. ಅಪ್ಪ ಆ ಮಾತು ಕೇಳಿಯೂ ಕೇಳದ ಹಾಗೆ ಹಾದು ಹೋಗುತ್ತಿದ್ದ.

ನಿಲ್ಲಿಸಿದ ಕಾರಣ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಆ ಬೇಸಿಗೆ ಅಪ್ಪನಿಗೂ ಕಾಕಾನಿಗೂ, ಅಂದರೆ ಅಪ್ಪನ ಒಡಹುಟ್ಟಿದ ತಮ್ಮನಿಗೂ, ನೀರಿನ ಪಾಳಿಯ ಮೇಲೆ ಜಗಳವಾಯಿತು. ಬಾವಿ ಒಂದೇ, ಹೊಲ ಎರಡು. ನಮ್ಮ ಪಾಳಿಯ ದಿನ ಕಾಕಾ ನೀರನ್ನು ತನ್ನ ಉಳ್ಳಾಗಡ್ಡಿಗೆ ತಿರುಗಿಸಿಕೊಂಡ. ಅಪ್ಪ ಕೇಳಲು ಹೋದ. ಮಾತಿಗೆ ಮಾತು ಬೆಳೆದು ಕಾಕಾ ಆಳುಗಳ ಎದುರಿಗೇ ಅಪ್ಪನ ಕಪಾಳಕ್ಕೆ ಹೊಡೆದ. ಅಣ್ಣನಿಗೆ, ಅದೂ ಕೂಲಿಯವರ ಮುಂದೆ.

ಅಪ್ಪ ಮನೆಗೆ ಬಂದವನೇ ಬಂದೂಕು ಇಳಿಸಿದ. ಹಿಡಿಕೆ ಎಳೆದು ತೋಟಾ ಇಟ್ಟ. ನಾನು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಅವ್ವ ಒಳಗಿನಿಂದ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು. ನಳಿಗೆಯನ್ನು ಎರಡೂ ಕೈಯಿಂದ ಹಿಡಿದು ತನ್ನ ಹೊಟ್ಟೆಗೆ ಒತ್ತಿಕೊಂಡಳು. “ಮೊದ್ಲ ನನಗ ಹೊಡಿರಿ, ಆಮ್ಯಾಲೆ ಹೋಗ್ರಿ” ಎಂದಳು. ಕೂಗಲಿಲ್ಲ, ಅಳಲಿಲ್ಲ, ಅಷ್ಟೇ ಅಂದಳು. ಅಪ್ಪನ ಕುತ್ತಿಗೆಯ ನರ ಉಬ್ಬಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಕಡೆಗೆ ಅಪ್ಪ ತೋಟಾ ಹೊರಗೆ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡು ಬಂದೂಕನ್ನು ಗೋಡೆಗೆ ಆನಿಸಿದ.

ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಒಂದೇ ಓಣಿಯಲ್ಲಿದ್ದುಕೊಂಡು ಎದುರಾದರೆ ಮುಖ ತಿರುವುತ್ತಿದ್ದರು. ಆ ವರ್ಷದ ಖಂಡೆ ಪೂಜೆಯಿಂದಲೇ ಅವ್ವ ಬಂದೂಕಿಗೆ ಉಣಿಸಲು ಶುರು ಮಾಡಿದಳು. ಹೆದರಿದ ಹೆಂಗಸು, ಅದನ್ನು ಸಮಾಧಾನ ಮಾಡುತ್ತಿದ್ದಾಳೆ ಎಂದು ನಾವೆಲ್ಲ ತಿಳಿದೆವು.

ಫೌಜಿನಿಂದ ನಿವೃತ್ತನಾಗಿ ಬಂದು ನಾನು ಕುಳಗೇರಿ ಕ್ರಾಸ್‌ನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿದೆ. ಬಂದೂಕು ಬಿಟ್ಟು ಮೋಟಾರಿಗೆ ತಂತಿ ಸುತ್ತತೊಡಗಿದೆ. ಎರಡು ವರ್ಷದ ಕೆಳಗೆ ಅವ್ವ ತೀರಿಕೊಂಡಳು. ಅವಳಿಲ್ಲದ ಮೊದಲ ಖಂಡೆ ಪೂಜೆಗೆ ನನ್ನ ಹೆಂಡತಿ ಹೋಳಿಗೆಯ ಚೂರು ಹಿಡಿದು, ನಾನು ಹಾಕಲೇ ಎಂದು ಮಾವನನ್ನು ಕೇಳಿದಳು. ಅಪ್ಪ ಬೇಡ ಎಂದ. ಅವನು ಅಂದು ಸರಿಯಾಗಿ ಉಣ್ಣಲೂ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಲೈಸೆನ್ಸ್ ನವೀಕರಿಸುವ ಸಮಯ ಬಂತು. ಬಂದೂಕು ಇಟ್ಟುಕೊಳ್ಳುವುದಿದ್ದರೆ ತಂದು ತೋರಿಸಿ, ಬೇಡವಾದರೆ ಒಪ್ಪಿಸಿಬಿಡಿ ಎಂದು ಠಾಣೆಯಲ್ಲಿ ಹೇಳಿದರು. ಒಪ್ಪಿಸಿಬಿಡೋಣ ಎಂದು ನಾನು ಹೇಳುವ ಮೊದಲೇ ಅಪ್ಪ ಒಪ್ಪಿದ. ಆದರೆ ಒಂದು ಕರಾರು ಇಟ್ಟ. “ಕೊಡೋಣು. ಆದ್ರ ಒಂದ್ ಸಲ ನನ್ನ ಕೈಲೆ ಹಾರಿಸಿ ಕೊಡ್ತೇನಿ.”

ನನ್ನ ಮೈ ಉರಿಯಿತು. ಎಂಬತ್ತು ದಾಟಿದ ಮನುಷ್ಯ, ಚಹಾದ ಬಟ್ಟಲು ಹಿಡಿದರೆ ಅರ್ಧ ಬಸಿಯಲ್ಲಿ ಬೀಳುತ್ತದೆ, ಇವನಿಗೆ ಬಂದೂಕು. ಆಗುವುದಿಲ್ಲ ಎಂದೆ. ಅಪ್ಪ ಜಗಳ ಮಾಡಲಿಲ್ಲ. ಆದರೆ ಬೆನ್ನು ಬಿಡಲಿಲ್ಲ. ಮುಂಜಾನೆ ಅಂಗಡಿಗೆ ಬಂದು ಬಾಗಿಲ ಹತ್ತಿರ ಖುರ್ಚಿ ಹಾಕಿಕೊಂಡು ಕೂತು, ಗಿರಾಕಿಗಳ ಎದುರಿಗೆ, ಫೌಜಿನಲ್ಲಿ ಊರವರ ಬಂದೂಕು ರಿಪೇರಿ ಮಾಡಿದವನಿಗೆ ಅಪ್ಪನ ಬಂದೂಕು ಮಾಡಲು ಆಗುವುದಿಲ್ಲವಂತೆ ಎಂದು ಹೇಳುತ್ತಿದ್ದ. ಜೀವ ತಿಂದುಬಿಟ್ಟ. ಕಡೆಗೆ ಹೆಂಡತಿಯೂ ಅವನ ಕಡೆ ಸೇರಿದಳು. ಮಾವನಿಗೆ ಇನ್ನೇನು ಆಸೆ ಉಳಿದಿದೆ, ಮಾಡಿಕೊಡಿ ಎಂದಳು. ಎಲ್ಲಿ ಬೇಕೆಂದರೆ ಅಲ್ಲಿ ಹಾರಿಸಲು ಇದು ಗುಲಾಲಲ್ಲ, ಮಾಡುವುದಿದ್ದರೆ ನಾನು ಹೇಳಿದ ಜಾಗದಲ್ಲಿ, ನಾನು ಹೇಳಿದ ಹಾಗೆ ಎಂದು ಅಪ್ಪನಿಂದ ಮಾತು ತೆಗೆದುಕೊಂಡು ಒಪ್ಪಿದೆ.

ಒರೆಸುವುದು, ಎಣ್ಣೆ ಹಾಕುವುದು ಮನೆಯಲ್ಲಿ ಮಾಡಬಹುದು. ಬಿಡಿಭಾಗ ಬದಲಿಸುವುದು ಲೈಸೆನ್ಸ್ ಇರುವ ಅಂಗಡಿಯ ಕೆಲಸ. ಒರೆಸುವ ಕೆಲಸಕ್ಕೆ ಪಡಸಾಲೆಯಲ್ಲಿ ಹಳೆಯ ಜಮಖಾನೆ ಹಾಸಿ, ಅಪ್ಪನ ಕಣ್ಣೆದುರಿಗೇ ಶುರು ಮಾಡಿದೆ. ಮೊದಲ ಕೆಲಸ ಯಾವಾಗಲೂ ಒಂದೇ: ಹಿಡಿಕೆ ಎಳೆದು ತೆರೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಬೇಕು, ಬೆರಳಿನಿಂದ ಮುಟ್ಟಿ ನೋಡಬೇಕು. ಇಲ್ಲವೆಂದು ಗೊತ್ತಿದ್ದರೂ ನೋಡಬೇಕು. ಹಿಡಿಕೆ ಜಂಗು ಹಿಡಿದು ಬಿಗಿದುಕೊಂಡಿತ್ತು. ಸೀಮೆಎಣ್ಣೆ ಬಿಟ್ಟು ಬಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಅದು ಬಾಯಿ ತೆರೆಯುವ ಹೊತ್ತಿಗೆ ನನ್ನ ತಾಳ್ಮೆ ಮುಗಿಯುತ್ತ ಬಂದಿತ್ತು. ಒಳಗೆ ತೋಟಾ ಇರಲಿಲ್ಲ.

ಹಳೆಯ ಬಂದೂಕಿಗೆ ಹೊಸದರ ಹೊಳಪು ತರಲು ಹೋಗಬಾರದು. ಉಪ್ಪುಕಾಗದ ಹಾಕಿ ತಿಕ್ಕಿದರೆ ಅದರ ಮೇಲಿನ ಮುದ್ರೆ, ಅಂಕಿ ಎಲ್ಲ ಅಳಿಸಿ ಹೋಗುತ್ತವೆ. ಸಣ್ಣ ಉಕ್ಕಿನ ನಾರಿಗೆ ಎಣ್ಣೆ ಹಚ್ಚಿ, ಕೂಸಿನ ಮೈ ತಿಕ್ಕಿದ ಹಾಗೆ ತಿಕ್ಕಬೇಕು. ಮೇಲಿನ ಜಂಗಿಗಿಂತ ಕುಂಕುಮ, ಭಂಡಾರದ ಪದರವೇ ದಪ್ಪಗಿತ್ತು. ಎಷ್ಟೋ ವರ್ಷದ ಅವ್ವನ ಬೆರಳು ಅಲ್ಲಿ ಒಂದರ ಮೇಲೊಂದು ಕೂತಿತ್ತು. ಭುಜಕ್ಕೆ ಆನಿಸುವ ಮರದ ದಿಮ್ಮಿ ಒಣಗಿ ಬಿಳಿಚಿಕೊಂಡಿತ್ತು, ಹಿಂಭಾಗದಲ್ಲಿ ಒಂದು ಬಿರುಕು. ಅದಕ್ಕೆ ನಮ್ಮ ಹೊಲದ್ದೇ ಅಗಸಿ ಎಣ್ಣೆ ತಂದು ಅಂಗೈಯಿಂದ ಉಜ್ಜಿದೆ. ಉಜ್ಜಿದಷ್ಟೂ ಕುಡಿಯಿತು. ನಿಧಾನವಾಗಿ ಒಳಗಿನ ಕಂದು ಬಣ್ಣ ಮೇಲೆ ಬಂತು. ಅಪ್ಪ ಹೊರಸಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. ನಾನು ನಳಿಗೆಗೆ ಕೈ ಹಾಕುವ ಹೊತ್ತಿಗೆ ಮಾತ್ರ, ಕಟ್ಟೆಗೆ ಹೋಗಿ ಬರುತ್ತೇನೆ ಎಂದು ಎದ್ದು ಹೋದ.

ಈ ಬಂದೂಕಿನ ನಳಿಗೆ ನೋಡಲು ಒಂದು ಉಪಾಯವಿದೆ. ಹಿಂಬದಿ ತೆರೆದು ಅಲ್ಲಿ ಬಿಳಿ ಕಾಗದದ ಚೂರು ಇಡಬೇಕು, ಅದಕ್ಕೆ ಬೆಳಕು ಬಿಡಬೇಕು, ಮುಂದಿನಿಂದ ನೋಡಬೇಕು. ನಳಿಗೆ ಸ್ವಚ್ಛವಿದ್ದರೆ ಹುಣ್ಣಿಮೆ ಚಂದ್ರನ ಹಾಗೆ ಬೆಳಕಿನ ಬಿಲ್ಲೆ ಕಾಣುತ್ತದೆ. ನನಗೆ ಏನೂ ಕಾಣಲಿಲ್ಲ. ಬರೀ ಕತ್ತಲೆ. ಇರುವೆಗಳು ಅಷ್ಟು ವರ್ಷ ತಿಂದಿದ್ದರೂ ಹೋಳಿಗೆ ಉಳಿದಿದೆಯಲ್ಲ ಎಂದು ಅವ್ವನ ಮೇಲೆ ಹಳೆಯ ಸಿಟ್ಟೇ ಮತ್ತೆ ಬಂತು.

ಹಿಂಬದಿಯನ್ನು ಮುಚ್ಚುವ ಉಕ್ಕಿನ ದಿಂಡು ಕಳಚಿ, ನಳಿಗೆಗೆ ಎಣ್ಣೆ ಬಿಟ್ಟು ನೆನೆಯಲು ಇಟ್ಟು, ಹಿತ್ತಾಳೆಯ ಸರಳಿನ ತುದಿಗೆ ತಿರುಪು ಕೂಡಿಸಿ ಬಾಯಿಯ ಕಡೆಯಿಂದ ಎಳೆಯತೊಡಗಿದೆ. ಮೊದಲು ಬಂದದ್ದು ಕಪ್ಪು ಕಂದು ಬಣ್ಣದ ಗಟ್ಟಿ ಚೂರುಗಳು, ಇಂಗಿನ ಹರಳಿನ ಹಾಗೆ. ಮುಗ್ಗಿದ ತುಪ್ಪದ ವಾಸನೆ, ಅದರೊಳಗೆ ಎಲ್ಲೋ ಸ್ವಲ್ಪ ಏಲಕ್ಕಿ. ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವ್ವನ ಕೈಯ ಅಡುಗೆಯ ವಾಸನೆ ಇನ್ನೊಮ್ಮೆ ಬರುತ್ತದೆ ಎಂದು ನಾನು ತಿಳಿದಿರಲಿಲ್ಲ. ಸುಮ್ಮನೆ ಕೂತು ಮೂಸುತ್ತಿದ್ದೆ.

ಹೋಳಿಗೆ ಮುಗಿದ ಮೇಲೂ ನಳಿಗೆ ತೆರೆಯಲಿಲ್ಲ. ಇನ್ನೂ ಒಳಗೆ, ತೋಟಾ ಕೂಡುವ ಜಾಗದ ಸ್ವಲ್ಪ ಮುಂದೆ, ಏನೋ ಮೆತ್ತನೆಯದು ತಿರುಪಿಗೆ ಕಚ್ಚಿಕೊಂಡಿತು. ಎಳೆದೆ. ಬರಲೊಲ್ಲದು. ಹೆಂಡತಿಯನ್ನು ಕರೆದು ಬಂದೂಕು ಹಿಡಿದುಕೊಳ್ಳಲು ಹೇಳಿ, ಕಾಲು ಒತ್ತಿ ಎಳೆದೆ. ಬಟ್ಟೆಯ ಒಂದು ಸುರುಳಿ ಬಂತು. ಬಿಗಿಯಾಗಿ ಜಡಿದು ಜಡಿದು ಕಟ್ಟಿಗೆಯ ಹಾಗಾಗಿತ್ತು.

ನನ್ನ ಹೆಂಡತಿ ಇಳಕಲ್ಲಿನ ನೇಕಾರರ ಮನೆಯವಳು. ಎಣ್ಣೆಯಲ್ಲಿ ಕಪ್ಪಾಗಿದ್ದ ಆ ಬಟ್ಟೆಯನ್ನು ಪಡಸಾಲೆಯ ಬೆಳಕಿಗೆ ತಂದು ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಒಳ ಮಡಿಕೆಯಲ್ಲಿ ಕೆಂಪು ಹಾಗೇ ಇತ್ತು, ಅದರ ಅಂಚಿಗೆ ಬಿಳಿಯ ಹಲ್ಲು ಹಲ್ಲು. ಇಳಕಲ್ ಸೀರೆಯ ಟೋಪ ತೆನಿಯ ಸೆರಗು ಎಂದಳು. ಹೇಳಿದವಳೇ ಒಳಗೆ ಹೋಗಿ ಅವ್ವನ ಟ್ರಂಕು ತೆರೆದು, ಅವಳ ಮದುವೆಯ ಸೀರೆ ಹೊರಗೆ ತಂದಳು. ಅದರ ಸೆರಗಿನ ಮೂಲೆ ಇಲ್ಲ. ಇಲಿ ಕಡಿಯಿತು ಎಂದು ಅವ್ವ ನಮಗೆಲ್ಲ ಹೇಳಿದ್ದಳು. ಹೆಂಡತಿ ತುಂಡನ್ನು ಅಲ್ಲಿಟ್ಟಳು. ಹಲ್ಲಿಗೆ ಹಲ್ಲು ಕೂಡಿತು.

ಬಟ್ಟೆ ಹೋಳಿಗೆಗಿಂತ ಕೆಳಗಿತ್ತು, ಅಂದರೆ ಹೋಳಿಗೆಗಿಂತ ಮೊದಲು ಹೋಗಿತ್ತು. ಜಗಳವಾದ ಮೇಲೆ, ಖಂಡೆ ಪೂಜೆ ಬರುವ ಮೊದಲು, ಅವ್ವ ತನ್ನ ಮದುವೆಯ ಸೀರೆ ಹರಿದು ಬಂದೂಕಿನ ಬಾಯಿ ಮುಚ್ಚಿದ್ದಳು. ಆಮೇಲೆ ವರ್ಷವರ್ಷ ಅದರ ಮೇಲೆ ಹೋಳಿಗೆ ಜಡಿದಿದ್ದಳು. ಪೂಜೆ ಅಲ್ಲ, ಸಮಾಧಾನವೂ ಅಲ್ಲ. ಬೀಗ.

ಬಂದೂಕಿನ ಕೆಲಸ ಗೊತ್ತಿಲ್ಲದವರಿಗೆ ಇದು ಜಾಣತನ ಅನಿಸಬಹುದು. ಗೊತ್ತಿದ್ದವನಿಗೆ ಎದೆ ಒಡೆಯುತ್ತದೆ. ಬಾಯಿ ಮುಚ್ಚಿದರೆ ಬಂದೂಕು ಸುಮ್ಮನಾಗುವುದಿಲ್ಲ. ಹಿಂದೆ ಮದ್ದು ಹೊತ್ತಿದ ಮೇಲೆ ಅದು ಎಲ್ಲಿಂದಾದರೂ ಹೊರಗೆ ಬರಲೇಬೇಕು, ಮುಂದೆ ದಾರಿ ಇಲ್ಲದಿದ್ದರೆ ಉಕ್ಕನ್ನೇ ಹರಿದುಕೊಂಡು ಬರುತ್ತದೆ, ಹಿಡಿದವನ ಕೈಗೆ, ಕೆನ್ನೆಗೆ. ನಳಿಗೆಯ ತುದಿಯಲ್ಲಿ ಹಸಿ ಮಣ್ಣು ಸಿಕ್ಕಿಕೊಂಡಿದ್ದಕ್ಕೆ ಒಬ್ಬ ಜವಾನನ ಎಡಗೈ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಲ್ಲಿಯದು ಮಣ್ಣಲ್ಲ, ಗೇಣುಗಟ್ಟಲೆ ಬಿರಟೆ. ಗಂಡ ಕೊಲೆಗಾರನಾಗಬಾರದೆಂದು ಅವ್ವ ಮಾಡಿದ ಕೆಲಸ, ಗಂಡನನ್ನೇ ಕೊಲ್ಲುವ ಕೆಲಸವಾಗಿತ್ತು. ಬನ್ನಿಯ ದಿನ ಯಾರಾದರೂ ಹುರಿದುಂಬಿಸಿದ್ದರೆ, ಹೊಲಕ್ಕೆ ಕಾಡುಹಂದಿ ನುಗ್ಗಿದ್ದರೆ, ಒಂದೇ ಒಂದು ಸಲ ಅಪ್ಪ ಕುದುರೆ ಎಳೆದಿದ್ದರೆ ಮುಗಿದಿತ್ತು. ಅವ್ವಾ, ಎಂಥ ಕೆಲಸ ಮಾಡಿದ್ದೆ ನೀನು ಎಂದು ನಾನು ಆ ಸೀರೆಯ ತುಂಡಿಗೆ ಗಟ್ಟಿಯಾಗಿ ಬೈದೆ.

ಅತ್ತೆಗೆ ಇದು ಗೊತ್ತಿತ್ತೇ ಎಂದು ಹೆಂಡತಿ ಕೇಳಿದಳು. ಹೇಗೆ ಗೊತ್ತಿರುತ್ತದೆ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ ಕಟ್ಟಿದ್ದಾಳೆ ಎಂದೆ. ಗೊತ್ತಿದ್ದರೆ ಅವಳು ಅಷ್ಟು ವರ್ಷ ಅದರ ಪಕ್ಕ ನಿದ್ದೆ ಮಾಡುತ್ತಿದ್ದಳೇ?

ಅಪ್ಪನಿಗೆ ಹೇಳಬಾರದು ಎಂದು ಇಬ್ಬರೂ ನಿರ್ಧರಿಸಿದೆವು. ಏನೆಂದು ಹೇಳುವುದು? ನಿಮ್ಮ ಹೆಂಡತಿ ನಿಮ್ಮನ್ನು ಸಾಯುವ ತನಕ ನಂಬಲಿಲ್ಲ, ದಿನಾ ಅನ್ನ ಬಡಿಸುತ್ತ ಒಳಗೊಳಗೇ ನಿಮಗೆ ಹೆದರುತ್ತಿದ್ದಳು ಎನ್ನುವುದೇ? ಅವ್ವ ಹೋದ ಮೇಲೆ ಅಪ್ಪನಿಗೆ ಉಳಿದದ್ದು ಅವಳ ನೆನಪೊಂದೇ. ಅದಕ್ಕೂ ನಾನು ಕಲ್ಲು ಹಾಕಬೇಕೇ? ಕಟ್ಟೆಯಿಂದ ಬಂದ ಅಪ್ಪ ನಳಿಗೆ ಹೇಗಿದೆ ಎಂದು ಕೇಳಿದ. ಜಂಗು ಹಿಡಿದಿತ್ತು, ತೆಗೆದೆ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಮತ್ತೇನೂ ಇರಲಿಲ್ಲವೇ ಎಂದ. ಮತ್ತೇನಿರುತ್ತದೆ ಎಂದು ನಾನು ಗದರಿದೆ. ಮರುದಿನವೂ ಅದನ್ನೇ ಕೇಳಿದ. ಅದರ ಮರುದಿನವೂ. ಮುಪ್ಪಿನ ಮರೆವು ಎಂದುಕೊಂಡೆ.

ಬಂದೂಕನ್ನು ಕಾಗದಪತ್ರದ ಸಮೇತ ಹುಬ್ಬಳ್ಳಿಯ ಲೈಸೆನ್ಸ್ ಅಂಗಡಿಗೆ ಒಯ್ದೆವು. ಅವರು ಒಂದು ಸ್ಪ್ರಿಂಗು ಬದಲಿಸಿ, ನಳಿಗೆಯನ್ನು ಉದ್ದಕ್ಕೂ ಅಳೆದು, ಎಲ್ಲೂ ಉಬ್ಬಿಲ್ಲ ಬಿರಿದಿಲ್ಲ ಎಂದು ಹೇಳಿ, ಹೊಸ ತೋಟಾ ಕೊಟ್ಟರು. ಬಾಗಲಕೋಟೆಯಲ್ಲಿ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ಕೊಡುತ್ತಾರೆ. ಅದರ ಕೊನೆಯ ದಿನ ಗುಡ್ಡದ ಬುಡದ ಫೈರಿಂಗ್ ರೇಂಜಿನಲ್ಲಿ ಅಪ್ಪನಿಗೆ ಒಂದು ಗುಂಡು ಹಾರಿಸಲು ಅನುಮತಿ ಪಡೆದೆ. ಹೊರಡುವ ಹಿಂದಿನ ಸಂಜೆ ಅಪ್ಪ ಒಂದು ವಿಚಿತ್ರ ಕೆಲಸ ಮಾಡಿದ. ಕಾಕಾನಿಗೂ ಬರಲು ಹೇಳು ಎಂದು ನನ್ನನ್ನು ಅವನ ಮನೆಗೆ ಕಳಿಸಿದ. ಅಷ್ಟು ವರ್ಷದ ಮೇಲೆ ಮೊದಲ ಸಂದೇಶ. ನಾನೇಕೆ ಬರಲಿ, ಗುರಿ ಇಡಲು ಬೇರೆ ಏನೂ ಸಿಗಲಿಲ್ಲವೇ ಎಂದ ಕಾಕಾ. ಬರಲಿಲ್ಲ.

ರೇಂಜಿನಲ್ಲಿ ನಾನು ನನ್ನ ಹಳೆಯ ರೀತಿ ಬಿಡಲಿಲ್ಲ. ಇಂಥ ಮುದಿ ಬಂದೂಕನ್ನು ಮೊದಲ ಸಲ ಭುಜಕ್ಕೆ ಹಚ್ಚಬಾರದು. ಲಾರಿಯ ಹಳೆಯ ಟೈರಿಗೆ ಬಿಗಿದು, ಸುತ್ತ ಉಸುಕಿನ ಚೀಲ ಇಟ್ಟು, ಕುದುರೆಗೆ ಉದ್ದನೆಯ ಹಗ್ಗ ಕಟ್ಟಿ, ಎಲ್ಲರನ್ನೂ ಗೋಡೆಯ ಹಿಂದೆ ನಿಲ್ಲಿಸಿ ಎಳೆದೆ. ಗುಡ್ಡ ಮರುದನಿ ಕೊಟ್ಟಿತು. ಹೋಗಿ ತೆರೆದು ನೋಡಿದೆ. ಹೊರಬಂದ ತೋಟಾದ ಕೊಳವೆ ಎಲ್ಲೂ ಉಬ್ಬಿರಲಿಲ್ಲ, ನಳಿಗೆ ಸರಿ ಇತ್ತು. ಇನ್ನೂ ಒಂದೆರಡು ಸಲ ಹಾಗೇ ಮಾಡಿ, ತರಬೇತಿ ಕೊಡುವ ಪೊಲೀಸ್ ಅಧಿಕಾರಿ ತಲೆಯಾಡಿಸಿದ ಮೇಲೆಯೇ ಅಪ್ಪನನ್ನು ಕರೆದೆ.

ಮೇಜಿನ ಮೇಲೆ ಉಸುಕಿನ ಚೀಲ, ಮುಂದೆ ಖುರ್ಚಿ, ಕಿವಿಗೆ ಹತ್ತಿ. ಅಪ್ಪ ಕೂತವನೇ ಅಂಗಿಯ ಕಿಸೆಯಿಂದ ಒಂದು ಹಳೆಯ ತೋಟಾ ತೆಗೆದು ಮೇಜಿನ ಮೇಲಿಟ್ಟ. ಹಸಿರು ಕಿಲುಬು ಹಿಡಿದಿತ್ತು. ಜಗಳದ ದಿನ ಹೊರಗೆ ತೆಗೆದದ್ದು, ಇದನ್ನೇ ಹಾಕು ಎಂದ. ನನಗೆ ತಲೆ ಕೆಟ್ಟಿತು. ಅಷ್ಟು ಹಳೆಯ ಮದ್ದು ಹೊತ್ತಿದರೂ ಕಷ್ಟ, ಹೊತ್ತದಿದ್ದರೂ ಕಷ್ಟ, ಕೊಟ್ಟ ಮಾತು ಮರೆತಿರಾ ಎಂದು ಎಲ್ಲರೆದುರು ಕೂಗಾಡಿದೆ. ಅಧಿಕಾರಿ ಅದನ್ನು ತೆಗೆದುಕೊಂಡು ಬೇರೆ ಡಬ್ಬಿಗೆ ಹಾಕಿದರು. ಅಪ್ಪ ಹಟ ಮಾಡಲಿಲ್ಲ. ಬಂದೂಕು ಕೇಳಿದ.

ಕೊಟ್ಟೆ. ಹಿಡಿಕೆ ಎಳೆದು ತೆರೆದ. ಒಳಗೆ ಖಾಲಿ ಇದೆಯೆಂದು ನನಗೂ ಅಧಿಕಾರಿಗೂ ತೋರಿಸಿದ. ಆಮೇಲೆ, ನಾನು ಕಾಗದದ ಚೂರು ಇಟ್ಟ ಜಾಗಕ್ಕೆ ತನ್ನ ಹೆಬ್ಬೆರಳಿನ ಉಗುರು ಹಿಡಿದು, ಮುಂದಿನಿಂದ ನಳಿಗೆಯೊಳಗೆ ಇಣುಕಿದ. ಅಜ್ಜ ಕಲಿಸಿದ್ದಿರಬೇಕು. ಬಹಳ ಹೊತ್ತು ನೋಡಿದ.

“ಅರಿವಿ ಎಲ್ಲಿಟ್ಟಿ?” ಎಂದ.

ಯಾವ ಅರಿವೆ ಎಂದೆ.

“ನಿಮ್ಮವ್ವನ ಸೆರಗಿಂದು. ಇವತ್ತ ಹೇಳ್ತಿ, ನಾಳೆ ಹೇಳ್ತಿ ಅಂತ ಕಾದು ಕಾದು ಸಾಕಾತು ನನಗ.”

“ನಿಮಗ ಗೊತ್ತಿತ್ತೇನ್ರಿ?”

“ಜಗಳದ ಮರುದಿನ ನಸುಕಿನ್ಯಾಗ ಹತ್ತಿ ಕಟಗಿ ತಗೊಂಡು ಜಡಿಯಾಕತ್ತಿದ್ಲು, ಅಳಕೋತ. ನಾ ಎಚ್ಚರಿದ್ನಿ. ಕಣ್ಣು ಮುಚ್ಚಿ ಮಲಗಿದ್ನಿ.”

ನನಗೆ ಸಿಟ್ಟು, ದುಃಖ ಎರಡೂ ಒಟ್ಟಿಗೆ ಬಂದವು. “ಮತ್ತ ತಗೀಬೇಕಿಲ್ಲ? ಹಾರಿಸಿದ್ರ ಅದು ನಿಮ್ಮ ಮಾರಿ ಮ್ಯಾಲೇ ಒಡೀತಿತ್ತು, ಅಪ್ಪಾ.”

“ಅದು ಆಕಿಗೆ ಗೊತ್ತಿರ್ಲಿಲ್ಲ. ನನಗ ಗೊತ್ತಿತ್ತು.” ಅಪ್ಪ ಬಂದೂಕಿನ ಮರದ ಮೇಲೆ ಅಂಗೈ ಆಡಿಸಿದ. “ಅದಕ್ಕ ಇರ್ಲಿ ಅಂತ ಬಿಟ್ನಿ. ಪ್ರತಿ ಸಲ ಆಕಿ ಬಾಗಲದಾಗ ಬಂದು ನಿಂದರಬೇಕೇನು? ಮತ್ತ ನನಗ ಸಿಟ್ಟು ಬಂದಿದ್ರ, ಮೊದ್ಲ ನಾ ಹೋಗ್ತಿದ್ನಿ. ಅಷ್ಟು ಅಂಜಿಕಿ ನನಗ ಬೇಕಾಗಿತ್ತು.”

ಅಧಿಕಾರಿ ದೂರ ನೋಡುತ್ತ ನಿಂತರು. ನಾನು ಅಲ್ಲಿಯೇ ಅಳತೊಡಗಿದೆ. ಕಟ್ಟೆಯ ಮೇಲಿನವರ ನಗು, ತೋಟಾ ಹಸಿ ಎಂಬ ಸುಳ್ಳು, ಮೂಲೆಯಲ್ಲಿ ಅಡಕಿ ಕತ್ತರಿಸುತ್ತ ಕೂತ ಅಪ್ಪ, ಎಲ್ಲವೂ ಒಮ್ಮೆಲೇ ತಿಳಿದುಬಂತು. ಅವಳು ಉಣಿಸುತ್ತಿದ್ದಳು, ಇವನು ಉಣಿಸಲು ಬಿಡುತ್ತಿದ್ದ. ಇಬ್ಬರೂ ಒಂದು ಮಾತೂ ಆಡದೆ ಮನೆ ನಡೆಸಿದ್ದರು.

ಹೊಸ ತೋಟಾ ನಾನೇ ಇಟ್ಟುಕೊಟ್ಟೆ. ಅವನ ಭುಜದ ಹಿಂದೆ ನಿಂತು ನನ್ನ ಕೈಯನ್ನು ದಿಮ್ಮಿಗೆ ಆಧಾರವಾಗಿ ಕೊಟ್ಟೆ. ಅಧಿಕಾರಿ ಹೇಳುವ ತನಕ ಬೆರಳು ಕುದುರೆಗೆ ತಾಗಬಾರದು ಎಂದೆ. ತಾಗಲಿಲ್ಲ. ಅಪ್ಪನ ಕೈ ಅಚ್ಚರಿಯಾಗುವಷ್ಟು ಗಟ್ಟಿಯಾಗಿ ನಿಂತಿತು. “ಇದು ಅವತ್ತಿನ ಗುಂಡು,” ಎಂದ, “ಮಣ್ಣಿಗೆ ಹೋಗ್ಲಿ.” ಅಪ್ಪಣೆ ಬಂದ ಮೇಲೆ ಎಳೆದ. ಗುರಿಯ ಹಲಗೆಗೆ ಬೀಳಲಿಲ್ಲ, ಅದರ ಪಕ್ಕದ ಕೆಂಪು ಮಣ್ಣಿನ ದಿಬ್ಬದಿಂದ ಧೂಳು ಎದ್ದಿತು. ಅಪ್ಪ ಧೂಳು ಕೂಡುವ ತನಕ ನೋಡಿ, ಬಂದೂಕು ತೆರೆದು ಖಾಲಿ ಕೊಳವೆ ತೆಗೆದು ನನ್ನ ಕೈಗೆ ಕೊಟ್ಟ.

ಅದೇ ವಾರ ಬಂದೂಕನ್ನು ಠಾಣೆಗೆ ಒಪ್ಪಿಸಿದೆವು. ಅಲ್ಲಿಯ ಪೊಲೀಸ್ ನಳಿಗೆ ನೋಡಿ, ಇಷ್ಟು ಸ್ವಚ್ಛ ಇರುವುದನ್ನು ಯಾರೂ ತಂದು ಕೊಡುವುದಿಲ್ಲ ಎಂದ. ಸುದ್ದಿ ಕೇಳಿ ಒಂದು ಮುಂಜಾನೆ ಕಾಕಾ ಅಮೀನಗಡದ ಕರದಂಟಿನ ಪೊಟ್ಟಣ ಹಿಡಿದು ನಮ್ಮ ಪಡಸಾಲೆಗೆ ಬಂದು ಕೂತ. ಬಂದೂಕು ಕೊಟ್ಟೆಯಂತೆ ಎಂದ. ಕೊಟ್ಟೆ ಎಂದ ಅಪ್ಪ. ಚಲೋ ಆಯಿತು ಎಂದು ಕಾಕಾ ಚಹಾ ಕುಡಿದು ಹೋದ. ಅಷ್ಟೇ ಮಾತು. ಹಲ್ಲಿಲ್ಲದ ಅಪ್ಪ ಆ ಕರದಂಟನ್ನು ಕುಟ್ಟಿಸಿಕೊಂಡು ತಿಂದ.

ಈ ಸಲದ ಖಂಡೆ ಪೂಜೆಗೆ ಗೋಡೆಯ ಹತ್ತಿರ ಬಂದೂಕು ಇರಲಿಲ್ಲ. ಹೆಂಡತಿ ಆ ಜಾಗದಲ್ಲಿ ನನ್ನ ಪಾನಾಗಳು, ತಂತಿ ಸುತ್ತುವ ಯಂತ್ರ, ಕುಡಗೋಲು ಇಟ್ಟು ಕುಂಕುಮ ಹಚ್ಚಿದಳು. ಅಪ್ಪ ಕೋಲೂರಿಕೊಂಡು ಬಂದು, ರೇಂಜಿನಿಂದ ಬಂದ ದಿನ ನಾನು ಕೊಟ್ಟಿದ್ದ ಅವ್ವನ ಸೆರಗಿನ ತುಂಡನ್ನು ಕಿಸೆಯಿಂದ ತೆಗೆದು, ಕೆಂಪು ಮೇಲೆ ಕಾಣುವ ಹಾಗೆ ಮಡಿಸಿ ಅವುಗಳ ನಡುವೆ ಇಟ್ಟ. ಹೋಳಿಗೆಯ ಚೂರನ್ನು ತುಪ್ಪದಲ್ಲಿ ಅದ್ದಿ ತಾನೇ ಹೊಸೆದ, ಅವ್ವ ಹೊಸೆಯುತ್ತಿದ್ದ ಹಾಗೆಯೇ. ಅದನ್ನು ಬಟ್ಟೆಯ ಮುಂದಿಟ್ಟು ಬಗ್ಗಿ ಹೇಳಿದ: “ಉಣ್ಣು. ಆದ್ರ ಸುಮ್ನ ಇರಬ್ಯಾಡ. ಏನರ ಮಾತಾಡು.”

ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡು ಕಾದ. ಅವನು ಏಳುವ ತನಕ ನಾವು ಯಾರೂ ಉಣ್ಣಲು ಕೂಡಲಿಲ್ಲ.